ಜಿಲ್ಲಾ ಚಾನೆಲ್‌ಗೆ 10 ಇಂಚಿನ ಟ್ಯಾಬ್ ಪ್ರಾಂಪ್ಟರ್: ಕನ್ನಡ ಬುಲೆಟಿನ್‌ಗೆ ಒಗ್ಗುತ್ತದೆಯೇ?

ಓದಬೇಕಾದ ಸ್ಕ್ರಿಪ್ಟನ್ನು ಕ್ಯಾಮೆರಾ ಲೆನ್ಸ್ ಮುಂದಿನ ಗಾಜಿನಲ್ಲಿ ಬಿಂಬವಾಗಿ ಓಡಿಸಿ ತೋರಿಸುವ ಸಾಧನವೇ ಪ್ರಾಂಪ್ಟರ್. ಕಿಟ್‌ನಲ್ಲಿ ಬರುವುದಿಷ್ಟು: ಅಲ್ಯುಮಿನಿಯಂ ಚೌಕಟ್ಟು, 45 ಡಿಗ್ರಿಗೆ ವಾಲಿ ನಿಲ್ಲುವ ಗಾಜು, ಕರಿ ಬಟ್ಟೆಯ ಮುಸುಕು, 15 ಮಿ.ಮೀ. ರಾಡ್ ಎರಡು, ಒಂದು ಬ್ಲೂಟೂತ್ ರಿಮೋಟ್. ಟ್ಯಾಬ್, ಟ್ರೈಪಾಡ್ ನಾವೇ ಹೊಂದಿಸಿಕೊಳ್ಳಬೇಕು. ಆನ್‌ಲೈನ್‌ನಲ್ಲಿ ಐದಾರು ಹೆಸರಿನಲ್ಲಿ ಸಿಗುವ ಈ ಕಿಟ್‌ಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಹೆಸರು ಬಿಟ್ಟು ಅಳತೆ ನೋಡಿ ಕೊಳ್ಳುವುದು ಲೇಸು. ವಿಜಯಪುರ, ಬಾಗಲಕೋಟೆ ಕಡೆಯ ಕೇಬಲ್ ಚಾನೆಲ್‌ಗಳಲ್ಲಿ, ಯೂಟ್ಯೂಬ್ ಸುದ್ದಿವಾಹಿನಿಗಳಲ್ಲಿ ಹೊಸದಾಗಿ ಓದಲು ಕೂರುವವರ ಮುಂದೆ ಇರುವುದು ಬಹುತೇಕ ಇಂಥದೇ. ಕೆಲಸ ಕೇಳಿ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸುವ ಶೋರೀಲ್ (ಮಾದರಿ ವಿಡಿಯೊ) ತಯಾರಾಗುವುದೂ ಇದರ ಮುಂದೆಯೇ. ‘ಕಣ್ಣು ಆಕಡೆ ಈಕಡೆ ಓಡತಾವ’, ‘ದನಿ ಸಪಾಟ ಐತಿ’ ಎಂದು ಆ್ಯಂಕರ್ ಮೇಲೆ ಹೊರಿಸುವ ದೂರುಗಳಲ್ಲಿ ಬಹಳಷ್ಟು ಪ್ರಾಂಪ್ಟರ್ ಜೋಡಿಸಿದವರಿಗೆ, ಸ್ಕ್ರಿಪ್ಟ್ ಏರಿಸಿದವರಿಗೆ ಸಲ್ಲಬೇಕಾದವು.

ಕನ್ನಡ ಓದುವವರಿಗೆ ಫೋನ್ ಗಾತ್ರದ ಪ್ರಾಂಪ್ಟರ್ ಏಕೆ ಸಾಲದು ಎಂಬುದನ್ನು ಮೊದಲು ಹೇಳಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ನೀರು ಬಿಟ್ಟಿದ್ದರಿಂದಲೇ ಬೆಳೆ ಹಾಳಾಗಿದೆ ಎಂಬ ರೈತರ ಆರೋಪವನ್ನು ಅಧಿಕಾರಿಗಳು’ ಎಂಬಲ್ಲಿಗೆ ಪರದೆ ಮುಗಿದರೆ, ಮುಂದೆ ‘ಒಪ್ಪಿಕೊಂಡಿದ್ದಾರೆ’ ಇದೆಯೋ ‘ತಳ್ಳಿಹಾಕಿದ್ದಾರೆ’ ಇದೆಯೋ ಓದುವವರಿಗೆ ತಿಳಿಯದು. ದನಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂದು ಗೊತ್ತಾಗದೆ ಸಪಾಟಾಗಿಯೇ ಓದುತ್ತಾರೆ. ಆದ್ದರಿಂದ ಯಾವಾಗಲೂ ಐದಾರು ಸಾಲು ಕಣ್ಣಿಗೆ ಬೀಳಬೇಕು. ಫೋನ್ ಪರದೆಯಲ್ಲಿ ಐದು ಸಾಲು ಹಿಡಿಸಿದರೆ ಅಕ್ಷರ ಇರುವೆಯಾಗುತ್ತದೆ. ಅಕ್ಷರ ಹಿಗ್ಗಿಸಿದರೆ ಮೂರೇ ಸಾಲು ಉಳಿಯುತ್ತವೆ. 10 ಇಂಚಿನ ಟ್ಯಾಬ್ ಅಡ್ಡ ಇಟ್ಟರೆ ಐದು ಸಾಲು ನೆಮ್ಮದಿಯಾಗಿ ಕೂರುತ್ತವೆ, 6ರಿಂದ 8 ಅಡಿ ದೂರದಿಂದ ಓದಬಹುದು. ಅದಕ್ಕೂ ದೂರ ಬೇಕಿದ್ದರೆ ಈ ಕಿಟ್ ಬೇಡ.

ಸಾಲಿನ ಅಂತರ 1.5ಕ್ಕೆ ಇಡಿ. ಟ್ಯಾಬ್‌ನಲ್ಲಿ ಸ್ಕ್ರಿಪ್ಟ್ ಓಡಿಸುವ ಆ್ಯಪ್ ತಾನಾಗಿ ಕೊಡುವ ಅಂತರ ಒತ್ತಕ್ಷರ ಇಲ್ಲದ ಲಿಪಿಯದು. ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’ ಬಂದಾಗ ಕೆಳಗಿನ ಒತ್ತು ಮುಂದಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗುತ್ತದೆ.

ಸ್ಕ್ರಿಪ್ಟ್ ಏರಿಸುವುದು ಇನ್ನೂ ದೊಡ್ಡ ತಲೆನೋವು. ಡೆಸ್ಕ್‌ನಲ್ಲಿ ಇಂದಿಗೂ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲೇ ಟೈಪ್ ಮಾಡುವವರಿದ್ದಾರೆ. ಅದನ್ನು ಹಾಗೇ ಅಂಟಿಸಿದರೆ ಟ್ಯಾಬ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸಿಯೇ ಏರಿಸಬೇಕು. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳ ಮೇಲೆ ಒಮ್ಮೆ ಕಣ್ಣಾಡಿಸಿ: ಸರ್ಕಾರ, ಕಾರ್ಯಕರ್ತ, ವರ್ಗಾವಣೆ. ಸುದ್ದಿಯಲ್ಲಿ ದಿನವೂ ಬರುವ ‘ರ‍್ಯಾಲಿ’, ‘ರ‍್ಯಾಂಕ್’ ಪದಗಳಲ್ಲಿ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಯೊಂದಿರುತ್ತದೆ. ಕೆಲವು ಆ್ಯಪ್‌ಗಳು ಅದನ್ನು ನುಂಗಿಬಿಡುತ್ತವೆ. ಆಗ ‘ಯಾ’ ಪಕ್ಕ ಅರ್ಕಾವತ್ತು ಕೂತು ‘ರ್ಯಾಲಿ’ ಆಗುತ್ತದೆ. ಹೊಸಬರು ಅಲ್ಲಿ ಅರೆಕ್ಷಣ ತಡವರಿಸುವುದು ಇದರಿಂದಲೇ.

ಅಂಕಿಗಳನ್ನು ಅಕ್ಷರದಲ್ಲೇ ಬರೆಸಿ. ಮಳೆಗಾಲದಲ್ಲಿ ಈ ಭಾಗದ ಬುಲೆಟಿನ್ ಎಂದರೆ ಅಂಕಿಗಳ ಸಂತೆ: ಆಲಮಟ್ಟಿಯ ಗರಿಷ್ಠ ಮಟ್ಟ 519.60 ಮೀಟರ್, ಸಂಗ್ರಹ 123 ಟಿಎಂಸಿ, ಒಳಹರಿವು ಇಷ್ಟು, ಹೊರಹರಿವು ಇಷ್ಟು. ‘1,25,000 ಕ್ಯೂಸೆಕ್’ ಓಡುವ ಪರದೆಯಲ್ಲಿ ಬಂದರೆ ಸೊನ್ನೆ ಎಣಿಸುತ್ತಾ ಕಣ್ಣು ನಿಂತುಬಿಡುತ್ತದೆ. ‘ಒಂದು ಲಕ್ಷದ ಇಪ್ಪತ್ತೈದು ಸಾವಿರ ಕ್ಯೂಸೆಕ್’ ಎಂದಿದ್ದರೆ ನಾಲಿಗೆ ತಾನಾಗಿ ಹರಿಯುತ್ತದೆ. ದೇವರಹಿಪ್ಪರಗಿ, ಬಸವನಬಾಗೇವಾಡಿಯಂಥ ಉದ್ದ ಹೆಸರುಗಳು ಸಾಲಿನ ತುದಿಯಲ್ಲಿ ಒಡೆಯದಂತೆ ಎಂಟರ್ ಒತ್ತಿ ಕೆಳಗಿಳಿಸಿ.

ಇನ್ನು ಗಾಜು. ಸುಮಾರು 70 ಭಾಗ ಬೆಳಕನ್ನು ಒಳಬಿಟ್ಟು 30 ಭಾಗ ಪ್ರತಿಫಲಿಸುವ ಬಗೆ ಇದು. ಕ್ಯಾಮೆರಾಕ್ಕೆ ಅರ್ಧ ಸ್ಟಾಪ್‌ನಷ್ಟು (ಸ್ಟಾಪ್ ಎಂದರೆ ಕ್ಯಾಮೆರಾದವರು ಬೆಳಕು ಅಳೆಯುವ ಮೆಟ್ಟಿಲು) ಬೆಳಕು ಕಡಿಮೆಯಾಗುತ್ತದೆ, ಲೈಟ್ ಪ್ಯಾನಲ್ ಅಷ್ಟೇ ಏರಿಸಿದರಾಯಿತು. ಗಾಜಿನ ಒಂದು ಮೈಗೆ ಪ್ರತಿಫಲಿಸುವ ಲೇಪ ಇರುತ್ತದೆ, ಆ ಮೈ ಓದುವವರ ಕಡೆ ಇರಬೇಕು. ತಿರುವುಮುರುವಾದರೆ ಪ್ರತಿ ಅಕ್ಷರಕ್ಕೂ ನೆರಳು ಅಕ್ಷರ ಮೂಡಿ ಓದುವವರ ಕಣ್ಣು ದಣಿಯುತ್ತದೆ. ಪತ್ತೆಗೆ ಪೆನ್ಸಿಲ್ ಸಾಕು: ತುದಿಯನ್ನು ಗಾಜಿಗೆ ಮೆಲ್ಲಗೆ ಮುಟ್ಟಿಸಿದಾಗ ಬಿಂಬದ ತುದಿಯೂ ತಾಗಿದರೆ ಅದೇ ಲೇಪದ ಮೈ, ನಡುವೆ ಸಂದು ಕಂಡರೆ ಬೆನ್ನು. ಒರೆಸಲು ಮೈಕ್ರೋಫೈಬರ್ ಬಟ್ಟೆ ಮಾತ್ರ. ಕಿಟಕಿ ಗಾಜಿಗೆ ಹೊಡೆಯುವ ಸ್ಪ್ರೇ ಬೇಡ, ಸೀರೆ ಸೆರಗಂತೂ ಬೇಡವೇ ಬೇಡ.

ಓದುವ ಸಾಲಿನ ಬಾಣದ ಗುರುತು ಲೆನ್ಸ್‌ನ ನಟ್ಟನಡುವೆ ಬರಬೇಕು. ಮೇಲೆ ಕೆಳಗೆ ಆದರೆ ಆ್ಯಂಕರ್ ವೀಕ್ಷಕರ ಹಣೆಯನ್ನೋ ಗದ್ದವನ್ನೋ ನೋಡಿದಂತೆ ಕಾಣುತ್ತದೆ. ಎರಡೂ ಬದಿಯ ಅಂಚು ಒಳಗೆ ಎಳೆದು ಸಾಲಿಗೆ ಮೂರು ನಾಲ್ಕು ಪದ ಮಾತ್ರ ಉಳಿಸಿ. ಸಾಲು ಅಗಲವಿದ್ದಷ್ಟೂ ಕಣ್ಣು ಓಡುವುದು ಎದ್ದು ಕಾಣುತ್ತದೆ, ಅದರಲ್ಲೂ ಕ್ಲೋಸಪ್‌ನಲ್ಲಿ. ಫೋನನ್ನೇ ಕ್ಯಾಮೆರಾ ಮಾಡಿಕೊಂಡವರು 1ಎಕ್ಸ್ ಬಿಟ್ಟು 2ಎಕ್ಸ್‌ಗೆ ಹೋಗಿ, ಇಲ್ಲವಾದರೆ ಮುಸುಕಿನ ಅಂಚು ಚಿತ್ರದೊಳಗೆ ಇಣುಕುತ್ತದೆ. ಮುಸುಕಿನಲ್ಲಿ ಸಣ್ಣ ಸಂದು ಉಳಿದರೂ ಹಿಂದಿನ ಬೆಳಕು ಗಾಜಿಗೆ ಬಿದ್ದು ಚಿತ್ರಕ್ಕೆ ಮಬ್ಬು ಬರುತ್ತದೆ. ಕಿಟ್, ಟ್ಯಾಬ್, ಕ್ಯಾಮೆರಾ ಸೇರಿದ ಭಾರಕ್ಕೆ ಮದುವೆ ಫೋಟೊದವರ ಹಗುರ ಟ್ರೈಪಾಡ್ ತಲೆಬಾಗುತ್ತದೆ.

ವೇಗದ ವಿಷಯದಲ್ಲಿ ಆ್ಯಪ್‌ನ ‘ನಿಮಿಷಕ್ಕೆ ಇಷ್ಟು ಪದ’ ಲೆಕ್ಕ ನಂಬಬೇಡಿ. ಇಂಗ್ಲಿಷಿನಲ್ಲಿ ನಾಲ್ಕು ಪದ ಹಿಡಿಯುವುದು ನಮ್ಮಲ್ಲಿ ‘ಹೋಗಬೇಕಾಗಿತ್ತು’ ಎಂಬ ಒಂದೇ ಪದ. ನಿಮಿಷಕ್ಕೆ 100 ಪದದ ಆಸುಪಾಸಿನಿಂದ ಶುರುಮಾಡಿ ಓದುವವರ ಉಸಿರಿಗೆ ಹೊಂದಿಸಿ. ಅದಕ್ಕಿಂತ ಒಳ್ಳೆಯದು, ರಿಮೋಟ್ ಬೇರೆಯವರ ಕೈಗೆ ಕೊಡುವುದು: ಓದುವವರನ್ನು ಅಕ್ಷರ ಹಿಂಬಾಲಿಸಬೇಕು, ಅಕ್ಷರದ ಬೆನ್ನು ಹತ್ತಿ ಓದುವವರು ಓಡಬಾರದು. ಕಿಟ್‌ನ ರಿಮೋಟ್‌ಗೆ ಇಲ್ಲಿ ಪೂರ್ತಿ ಅಂಕ ಕೊಡಲಾಗದು. ಗುಂಡಿ ಒತ್ತಿದ್ದಕ್ಕೂ ಪರದೆ ನಿಲ್ಲುವುದಕ್ಕೂ ಸಣ್ಣ ಅಂತರವಿದೆ, ಹೆಡ್‌ಲೈನ್ಸ್‌ನಲ್ಲಿ ಅದು ತೊಂದರೆ ಕೊಡುತ್ತದೆ.

ಏಪ್ರಿಲ್, ಮೇ ತಿಂಗಳ ಸೆಕೆಯದು ಬೇರೆ ಸಮಸ್ಯೆ. ಸದ್ದಾಗುತ್ತದೆಂದು ಎಸಿ ಆರಿಸುತ್ತಾರೆ, ಟ್ಯಾಬ್ ಪೂರ್ತಿ ಬೆಳಕಿನಲ್ಲಿ ಉರಿಯುತ್ತಿರುತ್ತದೆ. ಕಾದ ಟ್ಯಾಬ್ ತನ್ನನ್ನು ಉಳಿಸಿಕೊಳ್ಳಲು ಪರದೆಯನ್ನು ತಾನೇ ಮಂಕು ಮಾಡುತ್ತದೆ. ಬುಲೆಟಿನ್‌ಗಳ ನಡುವೆ ಅದನ್ನು ಕಿಟ್‌ನಲ್ಲಿ ಕೂರಿಸಿದ ಜಾಗದಿಂದ ತೆಗೆದು ಫ್ಯಾನ್ ಕೆಳಗಿಡಿ. ಆಟೊ ಬ್ರೈಟ್‌ನೆಸ್ ಆಫ್, ಏರ್‌ಪ್ಲೇನ್ ಮೋಡ್ ಹಾಕಿ ಬ್ಲೂಟೂತ್ ಮಾತ್ರ ಆನ್.

ಪ್ರಿಂಟ್ ತೆಗೆದ ಸ್ಕ್ರಿಪ್ಟ್ ಮೇಜಿನ ಮೇಲೆ ಇರಲೇಬೇಕು, ಓದಿದ ಹಾಳೆ ತಿರುವುತ್ತಲೂ ಇರಬೇಕು. ಟ್ಯಾಬ್ ಕೈಕೊಟ್ಟು ಪರದೆ ಆರಿದಾಗ ಮೊದಲ ಹಾಳೆಯಿಂದ ಹುಡುಕುವಷ್ಟು ಪುರಸೊತ್ತು ಯಾರಿಗೂ ಇರುವುದಿಲ್ಲ. ಚಳಿಗಾಲದ ಅಧಿವೇಶನದ ಹೊತ್ತಿಗೆ ಬೆಳಗಾವಿಯ ಸುವರ್ಣ ವಿಧಾನಸೌಧದ ಎದುರು ಮೈಕ್ ಹಿಡಿದು ನಿಲ್ಲುವವರಿಗೆ ಈ ಕಿಟ್ ಯಾವ ಕೆಲಸಕ್ಕೂ ಬಾರದು. ವಾರಕ್ಕೆರಡು ಬುಲೆಟಿನ್ ಹಾಳೆ ನೋಡಿಯೇ ಓದಿಸುವ, ಒಂದು ಸುದ್ದಿಯನ್ನಾದರೂ ಬರೀ ಮೂರು ಅಂಶ ಕೊಟ್ಟು ಹೇಳಿಸುವ ಚಾನೆಲ್‌ನಲ್ಲಿ ಪಳಗಿದವರು ಆಡಿಷನ್‌ನಲ್ಲಿ ಬೆದರುವುದಿಲ್ಲ.

ಕೊಳ್ಳುವಾಗಲೇ ಬಿಡಿ ಗಾಜು ಸಿಗುತ್ತದೆಯೇ ಎಂದು ಮಾರುವವರನ್ನು ಕೇಳಿ ಖಚಿತಪಡಿಸಿಕೊಳ್ಳಿ, ಸಿಕ್ಕರೆ ಒಂದು ಹೆಚ್ಚಿಗೆ ತರಿಸಿಡಿ. ಒಡೆದ ಮೇಲೆ ಫೋಟೊ ಫ್ರೇಮ್ ಅಂಗಡಿಯ ಸಾದಾ ಗಾಜು ಕತ್ತರಿಸಿ ಹಾಕಬಹುದು, ಆದರೆ ಅಕ್ಷರ ಮಂಕಾಗಿ ಜೋಡಿಜೋಡಿಯಾಗಿ ಕಾಣುತ್ತವೆ, 2 ಮಿ.ಮೀ.ಗಿಂತ ದಪ್ಪದ್ದು ಹಾಕಿದರೆ ಆ ಜೋಡಿ ಇನ್ನೂ ದೂರ ಸರಿಯುತ್ತದೆ.