ಜೋಡಿ ತಪ್ಪಿದ ರಿಮ್‌ಗೆ ಯಾವ ವೀಲ್ ಕ್ಯಾಪ್? ಮೂರೂ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಒಂದೊಂದು ಚಕ್ರ ಒಂದೊಂದು ಥರ ಇರುವ ಹಳೇ ಗಾಡಿಗೆ ಹಿಂದೆ ತಂತಿ ರಿಂಗ್ ಇರುವ ಕ್ಯಾಪೇ ಸರಿ. ಬೇರೆ ಎರಡಕ್ಕೆ ದುಡ್ಡು ಸುರಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಅಪ್ಪಯ್ಯ ಓಡಿಸುತ್ತಿದ್ದ ಮಾರುತಿ ಝೆನ್. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ವಾರಕ್ಕೆರಡು ಸಲ ಹೋಗಿ ಬರುತ್ತದೆ. ಒಂದು ಮಳೆಗಾಲದಲ್ಲಿ ಗುಂಡಿಗೆ ಬಿದ್ದು ಎರಡು ರಿಮ್ ಬಾಗಿದವು. ಗುಜರಿಯಲ್ಲಿ ಸಿಕ್ಕ ಎರಡನ್ನು ಹಾಕಿಸಿದೆ. ಅವೂ 13 ಇಂಚು, ನಾಲ್ಕೇ ಬೋಲ್ಟ್, ಓಡಿಸಲು ತೊಂದರೆ ಇಲ್ಲ. ಆದರೆ ಒಂದು ಕಪ್ಪು, ಇನ್ನೊಂದು ಬೂದಿ ಬಣ್ಣ. ಅಪ್ಪಯ್ಯ ಅಷ್ಟು ಚಂದ ಇಟ್ಟುಕೊಂಡಿದ್ದ ಗಾಡಿ ಹಾಗೆ ನಿಂತಿದ್ದನ್ನು ನೋಡಿದಾಗೆಲ್ಲ ಬೇಜಾರಾಗುತ್ತಿತ್ತು.

ಮೊದಲು ತಂದದ್ದು ಈ ಗಾಡಿಗೇ ಅಂತ ಬಂದಿದ್ದ ಹಳೇ ಕಂಪನಿ ಕ್ಯಾಪ್, ಸೆಕೆಂಡ್ ಹ್ಯಾಂಡ್. ಮೂಲ ರಿಮ್‌ಗಳಿಗೆ ಗಟ್ಟಿಯಾಗಿ ಕೂತವು. ಗುಜರಿ ರಿಮ್‌ಗಳಿಗೆ ಸಡಿಲ. ಮಂಡಗದ್ದೆ ಹತ್ತಿರ ಒಂದು ಉರುಳಿಹೋಯಿತು. 13 ಇಂಚು ಅನ್ನುವುದು ಟಯರ್ ಕೂರುವ ಜಾಗದ ಅಳತೆ. ಕ್ಯಾಪಿನ ಕೊಕ್ಕೆ ಹಿಡಿಯುವ ಒಳಂಚು ಒಂದೊಂದು ರಿಮ್‌ನಲ್ಲಿ ಒಂದೊಂದು ಥರ ಇರುತ್ತದೆ. ಇಂಚು ನೋಡಿ ಕೊಂಡರೆ ಸಾಲದು.

ಆಮೇಲೆ ನಾಲ್ಕೂ ರಿಮ್‌ಗೆ ಬೆಳ್ಳಿ ಬಣ್ಣ ಹೊಡೆಸಿ ನಡುವೆ ಸಣ್ಣ ಕ್ಯಾಪ್ ಹಾಕಿಸಿದೆ. ನೋಡಲು ಇದೇ ಚಂದ. ಆದರೆ ನಡುವಿನ ತೂತಿನ ಅಳತೆ ಬೇರೆ, ಎರಡು ಕ್ಯಾಪ್ ನಿಲ್ಲಲೇ ಇಲ್ಲ. ಒಂದೇ ಮಳೆಗಾಲಕ್ಕೆ ಬೋಲ್ಟ್ ಸುತ್ತ ತುಕ್ಕು ಬಂತು.

ಮೂರನೆಯದು ರಿಂಗ್ ಕ್ಯಾಪ್. ಸೆಟ್‌ಗೆ 1,200 ರೂಪಾಯಿ ಕೊಟ್ಟೆ. ಸ್ಟೀಲ್ ತಂತಿ ಕೊಕ್ಕೆಗಳನ್ನು ಒಳಗಿನಿಂದ ಹೊರಕ್ಕೆ ಒತ್ತಿ ಹಿಡಿಯುತ್ತದೆ. ಹಾಗಾಗಿ ಒಳಂಚು ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ನಾಲ್ಕೂ ಕೂತವು. ಖುಷಿಯಾಯಿತು.

ಎಂಟೇ ದಿನಕ್ಕೆ ಎಡಗಡೆ ಹಿಂದಿನ ಟಯರ್ ಬೆಳಿಗ್ಗೆ ನೋಡಿದರೆ ಮೆತ್ತಗೆ. 28 ಇದ್ದ ಗಾಳಿ 15ಕ್ಕೆ ಇಳಿದಿತ್ತು. ಪಂಕ್ಚರ್ ಅಂಗಡಿಯಲ್ಲಿ ಚಕ್ರ ಬಿಚ್ಚಿ ನೀರಿನ ತೊಟ್ಟಿಗೆ ಹಾಕಿದರು. ಒಂದು ಗುಳ್ಳೆಯೂ ಇಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಕಥೆ. ಮೂರನೇ ಸಲ ಹೋದಾಗ ಆ ಹುಡುಗ ಕ್ಯಾಪ್ ಬಿಚ್ಚಲಿಲ್ಲ. ಹಾಗೇ ಸೋಪಿನ ನೀರು ಹಾಕಿದ. ವಾಲ್ವ್ ಬುಡದಲ್ಲಿ ಸಣ್ಣಗೆ ನೊರೆ ಎದ್ದಿತು. "ಪಂಕ್ಚರ್ ಅಲ್ಲ ಸಾರ್, ಕ್ಯಾಪ್ ತಿರುಗಿ ವಾಲ್ವನ್ನ ಒತ್ತಿ ಹಿಡಿದಿದೆ" ಅಂದ. ಕ್ಯಾಪ್ ತೆಗೆದ ಕೂಡಲೇ ರಬ್ಬರ್ ನೆಟ್ಟಗಾಗಿ ಸೋರಿಕೆ ನಿಲ್ಲುತ್ತಿತ್ತು. ತೊಟ್ಟಿಯಲ್ಲಿ ಹೇಗೆ ಕಾಣಬೇಕು, ಅಲ್ವಾ?

ಆ ತಂತಿಯಲ್ಲಿ ವಾಲ್ವ್‌ಗೆ ದಾರಿ ಬಿಡಲು ಒಂದು ಬಾಗು ಇರುತ್ತದೆ. ಅದು ವಾಲ್ವ್ ಎದುರಿಗೇ ಬರಬೇಕು. ಈಗ ಆ ಬದಿಯನ್ನೇ ಮೊದಲು ಕೂರಿಸಿ, ಆಮೇಲೆ ಎದುರು ಬದಿಯನ್ನು ಅಂಗೈಯಲ್ಲಿ ಗುದ್ದುತ್ತೇನೆ. ಸುತ್ತಿಗೆ ಬೇಡ. ಸವೆದ ವಾಲ್ವ್ ತೆಗೆಸಿ ಹೊಸದು ಹಾಕಿಸಿದೆ. ರಬ್ಬರ್ ವಾಲ್ವ್‌ನಲ್ಲಿ ಟಿಆರ್ 413 ಅನ್ನುವ ಅಳತೆ ಸಣ್ಣದು, 414 ಉದ್ದ. ಸಣ್ಣದಕ್ಕೆ ಕ್ಯಾಪ್ ಮೇಲಿಂದ ಗಾಳಿ ಹಿಡಿಯುವುದು ಕಷ್ಟ. ಅದಕ್ಕೆ ಉದ್ದದ್ದೇ ಇಟ್ಟು, ಕ್ಯಾಪಿನ ಕಿಂಡಿಯನ್ನು ಅರದಿಂದ ಉಜ್ಜಿ ಸ್ವಲ್ಪ ಅಗಲ ಮಾಡಿದೆ. ಮತ್ತೆ ತಿರುಗದ ಹಾಗೆ ವಾಲ್ವ್‌ನಿಂದ ದೂರದಲ್ಲಿ, ರಿಮ್ ತೂತಿಗೆ ಸೇರಿಸಿ ಎರಡು ಕೇಬಲ್ ಟೈ ಬಿಗಿದೆ. ಅದನ್ನು ಕತ್ತರಿಸಲು ಡ್ಯಾಶ್‌ಬೋರ್ಡಿನಲ್ಲಿ ಸಣ್ಣ ಕಟರ್ ಇದೆ. ಆಮೇಲೆ ಗಾಳಿ ಇಳಿದಿಲ್ಲ.

ಕ್ಯಾಪನ್ನು ಬೋಲ್ಟ್ ನಟ್ಟಿನ ಕೆಳಗೆ ಕೊಟ್ಟು ಬಿಗಿಯಿರಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಪ್ಲಾಸ್ಟಿಕ್ ಕುಗ್ಗಿದರೆ ನಟ್ ಸಡಿಲವಾಗುತ್ತದೆ. ಆಗುಂಬೆ ಘಾಟಿಯ 14 ತಿರುವು ಇಳಿಯುವವರು ಕಿಂಡಿ ಜಾಸ್ತಿ ಇರುವ ಡಿಸೈನ್ ತೆಗೆದುಕೊಳ್ಳಿ, ಬ್ರೇಕಿಗೆ ಗಾಳಿ ಆಡಲಿ.

ಶಿವಮೊಗ್ಗ ಊರೊಳಗೆ ಗೋಪಾಳ, ವಿನೋಬನಗರ ಅಂತ ಡಾಂಬರಿನಲ್ಲೇ ಓಡಾಡುವವರಿಗೆ ಬಣ್ಣವೇ ಸಾಕು. ನನ್ನದು ತೋಟದ ಕೆಸರು ದಾರಿ. ಕ್ಯಾಪಿನೊಳಗೆ ಕೆಂಪು ಮಣ್ಣು ಕಟ್ಟಿಕೊಂಡರೆ ಸ್ಟೇರಿಂಗ್ ನಡುಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಟೈ ಕತ್ತರಿಸಿ, ತೊಳೆದು, ಹೊಸದು ಹಾಕುತ್ತೇನೆ. ನಾಲ್ಕು ಚಕ್ರಕ್ಕೆ ಎಂಟು ಟೈ, ಅರ್ಧ ಗಂಟೆ ಕೆಲಸ.