ನಾಲ್ಕು ವರ್ಷ ಬಳಸಿದ ಗ್ರಾಫಿಕ್ಸ್ ಕಾರ್ಡ್: ಕಾರ್ಡಿಗೆ ಶಕ್ತಿಯಿತ್ತು, ಡ್ರೈವರ್ ಬಿಡಲಿಲ್ಲ

ತುಮಕೂರಿನ ಬಿ.ಎಚ್. ರಸ್ತೆಯ ಬಳಿ ನನ್ನದೊಂದು ಸ್ಟುಡಿಯೊ ಇದೆ. ಮದುವೆ, ಗೃಹಪ್ರವೇಶಗಳ ನೇರಪ್ರಸಾರವೇ ಈಗ ಮುಖ್ಯ ಸಂಪಾದನೆ. 2021ರ ಕೊನೆಯಲ್ಲಿ, ಗ್ರಾಫಿಕ್ಸ್ ಕಾರ್ಡ್ ಸಿಗುವುದೇ ಕಷ್ಟವಾಗಿದ್ದ ದಿನಗಳಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಎರಡು ಸಲ ಸುತ್ತಿ ಈ ಕಾರ್ಡನ್ನು ತಂದೆ. ಇಂದಿನವರೆಗೂ ರಿಪೇರಿಗೆ ಹೋಗಿಲ್ಲ. ವಿಡಿಯೊ ಎನ್‌ಕೋಡ್ ಮಾಡಲೆಂದೇ, ಅಂದರೆ ಪ್ರಸಾರಕ್ಕೋ ರೆಕಾರ್ಡಿಂಗಿಗೋ ತಕ್ಕಂತೆ ಅದನ್ನು ಕುಗ್ಗಿಸಲೆಂದೇ, ಇದರೊಳಗೆ ಬೇರೆ ಭಾಗವಿರುವುದರಿಂದ ಕಂಪ್ಯೂಟರಿನ ಪ್ರೊಸೆಸರ್ ಹಗುರಾಗಿರುತ್ತದೆ, ಚಿತ್ರವೂ ಚೊಕ್ಕಟವಾಗಿ ಬರುತ್ತದೆ. ಯಂತ್ರದ ಬಗ್ಗೆ ನನ್ನ ದೂರಿಲ್ಲ.

ದೂರಿರುವುದು ಡ್ರೈವರ್ ಬಗ್ಗೆ, ಅಂದರೆ ಕಾರ್ಡನ್ನು ನಡೆಸಲು ಕಂಪನಿ ಕೊಡುವ ಸಾಫ್ಟ್‌ವೇರ್ ಬಗ್ಗೆ. 2022ರ ನವೆಂಬರಿನಲ್ಲಿ ಗುಬ್ಬಿ ರಸ್ತೆಯ ಕಲ್ಯಾಣ ಮಂಟಪವೊಂದರಲ್ಲಿ ಮದುವೆ. ಯೂಟ್ಯೂಬ್‌ಗೆ ಒಂದು ಪ್ರಸಾರ, ಎರಡು ಕ್ಯಾಮೆರಾಗಳ ರೆಕಾರ್ಡಿಂಗ್, ಒಟ್ಟು ಮೂರು ಎಂದು ಮಾತಾಗಿತ್ತು. ಬೆಳಿಗ್ಗೆ ಹೆಣ್ಣಿನ ಕಡೆಯವರು ಬಂದು, ‘ಫೇಸ್‌ಬುಕ್‌ನಲ್ಲೂ ಬರಲಿ ಸರ್, ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಊರಿನಿಂದಲೇ ನೋಡುತ್ತಾರೆ’ ಎಂದರು. ನಾಲ್ಕನೆಯದನ್ನು ಚಾಲೂ ಮಾಡಿದೆ. ಎನ್‌ಕೋಡರ್ ತೆರೆಯಲಾಗುತ್ತಿಲ್ಲ ಎಂಬ ಸೂಚನೆ ಬಂತು. ಪರದೆಯ ಮೇಲಿನ ಗ್ರಾಫ್ ನೋಡಿದರೆ ಎನ್‌ಕೋಡರಿನ ಮೇಲೆ ಅರ್ಧದಷ್ಟೂ ಹೊರೆ ಇರಲಿಲ್ಲ! ಬೇರೆ ದಾರಿ ಕಾಣದೆ ಆ ಒಂದು ಪ್ರಸಾರವನ್ನು ಪ್ರೊಸೆಸರ್ ಮೇಲೆ ಹಾಕಿದೆ. ಫ್ಯಾನ್ ಭೋರ್ಗರೆಯಿತು, ಚಿತ್ರ ತಡವರಿಸತೊಡಗಿತು. ಆಮೇಲೆ ಅವರು ಫೋನಿನಲ್ಲಿ ತೋರಿಸಿದರು: ಗಿಂಡಿಯಿಂದ ಬೀಳುತ್ತಿದ್ದ ಧಾರೆಯ ನೀರು ಅರ್ಧದಲ್ಲೇ ನಿಂತಿತ್ತು. ಚಿತ್ರ ಮತ್ತೆ ಚಲಿಸುವ ಹೊತ್ತಿಗೆ ತಾಳಿ ಕಟ್ಟಿ ಮುಗಿದಿತ್ತು. ಆ ಅಜ್ಜಿಗೆ ಮೊಮ್ಮಗಳ ಮಾಂಗಲ್ಯಧಾರಣೆ ಕಾಣಲಿಲ್ಲ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಹುಡುಕಿದಾಗ ತಿಳಿಯಿತು, ಒಮ್ಮೆಗೆ ಮೂರಕ್ಕಿಂತ ಹೆಚ್ಚು ಎನ್‌ಕೋಡ್ ಮಾಡದಂತೆ ಡ್ರೈವರ್ ಲೆಕ್ಕವಿಟ್ಟು ತಡೆಯುತ್ತಿತ್ತು. ಆ ಲೆಕ್ಕವೂ ಕಾರ್ಡಿಗಲ್ಲ, ಇಡೀ ಕಂಪ್ಯೂಟರಿಗೆ. ಇಂಥದೇ ಇನ್ನೊಂದು ಕಾರ್ಡ್ ತಂದು ಹಾಕಿದರೂ ಮೂರು ಮೂರೇ. ಇದೇ ಪೀಳಿಗೆಯ ಚಿಪ್ ಇರುವ, ಬೆಲೆ ಹಲವು ಪಟ್ಟು ಹೆಚ್ಚಿರುವ ವೃತ್ತಿಪರ ಕಾರ್ಡುಗಳಿಗೆ ಈ ಕಟ್ಟಿಲ್ಲ. 2023ರಲ್ಲಿ ಬಂದ ಹೊಸ ಡ್ರೈವರ್ ಮೂರನ್ನು ಐದು ಮಾಡಿತು, 2024ರಲ್ಲಿ ಅದು ಎಂಟಾಯಿತು. ನಾನು ಒಂದು ಸ್ಕ್ರೂ ಕೂಡ ಬಿಚ್ಚಿಲ್ಲ. ಹಾಗಾದರೆ ಆ ಶಕ್ತಿ ನಾನು ದುಡ್ಡು ಎಣಿಸಿ ಕೊಟ್ಟ ದಿನದಿಂದಲೇ ಪೆಟ್ಟಿಗೆಯೊಳಗಿತ್ತು, ಬೀಗದ ಕೈ ಮಾತ್ರ ಕಂಪನಿಯ ಹತ್ತಿರ ಇತ್ತು.

ಡ್ರೈವರ್ ಎಲ್ಲಿಯೂ ಕಡಿವಾಣ ಹಾಕಬಾರದು ಎಂದು ನಾನು ಹೇಳುವುದಿಲ್ಲ. ಏಪ್ರಿಲಿನಲ್ಲಿ ಶಾಮಿಯಾನದ ಕೆಳಗೆ ಕೆಲಸ ಮಾಡುವಾಗ ತಾಪ 83 ಡಿಗ್ರಿ ಮುಟ್ಟಿದೊಡನೆ ಈ ಕಾರ್ಡ್ ತಾನಾಗಿಯೇ ವೇಗ ತಗ್ಗಿಸುತ್ತದೆ. ಇಷ್ಟು ವರ್ಷ ಬಾಳಿದ್ದರಲ್ಲಿ ಅದರ ಪಾಲೂ ಇದೆ ಎಂದು ನಂಬಿದ್ದೇನೆ. ಲ್ಯಾಪ್‌ಟಾಪ್ ಬ್ಯಾಟರಿಯ ಚಾರ್ಜನ್ನು 80 ಪ್ರತಿಶತಕ್ಕೆ ನಿಲ್ಲಿಸುವ ಸೌಲಭ್ಯವೂ ಒಳ್ಳೆಯದೇ. ಬೇಡವಾದಾಗ ಅದನ್ನು ನಾವೇ ತೆಗೆಯಬಹುದು. ಯಂತ್ರವನ್ನು ಉಳಿಸುವ ಮಿತಿ ಬೇರೆ, ದುಬಾರಿ ಕಾರ್ಡಿನ ವ್ಯಾಪಾರವನ್ನು ಉಳಿಸುವ ಮಿತಿ ಬೇರೆ. 2021ರಲ್ಲಿ ಕ್ರಿಪ್ಟೊ ಗಣಿಗಾರಿಕೆಯವರು, ಅಂದರೆ ಕಂಪ್ಯೂಟರ್ ಲೆಕ್ಕದಿಂದ ಈಥೀರಿಯಂನಂಥ ಡಿಜಿಟಲ್ ಹಣ ಗಳಿಸುವವರು, ಕಾರ್ಡುಗಳನ್ನೆಲ್ಲ ಬಾಚಿಕೊಳ್ಳದಿರಲೆಂದು ಇದೇ ಕಂಪನಿಯವರು ಒಂದು ಮಾದರಿಯಲ್ಲಿ ಈಥೀರಿಯಂ ಗಣಿಗಾರಿಕೆಯ ವೇಗವನ್ನು ಅರ್ಧಕ್ಕೆ ಇಳಿಸಿದ್ದರು. ಅದನ್ನು ಸಹ ಮಾರಾಟಕ್ಕೆ ಮೊದಲೇ ಸಾರಿ ಹೇಳಿದ್ದರು. ನನ್ನ ಕಾರ್ಡಿನ ಪೆಟ್ಟಿಗೆಯ ಮೇಲೆ ಮೆಮೊರಿ ಎಷ್ಟು, ಎಷ್ಟು ವ್ಯಾಟಿನ ಪವರ್ ಸಪ್ಲೈ ಬೇಕು ಎಂಬುದೆಲ್ಲ ಇದೆ. ಮೂರು ಎಂಬ ಅಂಕಿ ಇಲ್ಲ. ಅದು ಇದ್ದದ್ದು ಡೆವಲಪರ್‌ಗಳು ನೋಡುವ ಕೋಷ್ಟಕವೊಂದರಲ್ಲಿ.

ಪರಿಚಯದ ಸ್ಟುಡಿಯೊದವರು ಕೆಲವರು ಡ್ರೈವರ್ ಫೈಲನ್ನೇ ತಿದ್ದಿ ಮಿತಿ ತೆಗೆಸಿಕೊಂಡರು. ನನಗೆ ಧೈರ್ಯ ಬರಲಿಲ್ಲ. ಮುಂದಿನ ಅಪ್‌ಡೇಟಿನಲ್ಲಿ ಕೈಕೊಟ್ಟರೆ ಮುಹೂರ್ತವನ್ನು ಮತ್ತೆ ನಡೆಸಲಾಗುವುದಿಲ್ಲ. ಅದಕ್ಕೇ ಮದುವೆಯ ವಾರದಲ್ಲಿ ನಾನು ಡ್ರೈವರನ್ನು ಮುಟ್ಟುವುದೇ ಇಲ್ಲ, ಸರಿಯಾಗಿ ನಡೆದ ಆವೃತ್ತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿರುತ್ತೇನೆ. ಹಳೆಯ ಕಾರ್ಡ್ ಕೊಳ್ಳುವವರು ಅಂಗಡಿಯಲ್ಲೇ ನಾಲ್ಕು ರೆಕಾರ್ಡಿಂಗ್ ಒಟ್ಟಿಗೆ ಚಾಲೂ ಮಾಡಿಸಿ ನೋಡಿ.

ಕಾರ್ಡಿಗೆ ಐದಕ್ಕೆ ಐದು, ಡ್ರೈವರಿಗೆ ಎರಡು ಕೊಡುತ್ತೇನೆ. ಕಳೆದ ಬೇಸಿಗೆಯಲ್ಲಿ ಕ್ಯಾತ್ಸಂದ್ರದ ಮದುವೆಯೊಂದರಲ್ಲಿ ಇದೇ ಕಾರ್ಡಿನ ಮೇಲೆ ಆರು ಎನ್‌ಕೋಡ್ ಒಟ್ಟಿಗೆ ನಡೆದವು. ತಾಪ 71 ಡಿಗ್ರಿ ದಾಟಲಿಲ್ಲ.