ಭಾನುವಾರದ ಸಂವಿಧಾನ ತರಗತಿ: ಏಳನೆಯ ವಾರ ಸೊಗಸು, ಒಂಬತ್ತನೆಯ ವಾರ ನಿರಾಸೆ

ಗ್ರಾಮ ಪಂಚಾಯಿತಿ ಸದಸ್ಯನಾಗಿ ಒಂದು ಅವಧಿ ಮುಗಿಸಿದ ಮೇಲೆ, ಐದು ವರ್ಷ ಕೈಯೆತ್ತಿ ಒಪ್ಪಿದ ಠರಾವುಗಳಿಗೆ ಕಾನೂನಿನ ಬುಡ ಎಲ್ಲಿದೆಯೆಂದು ತಿಳಿಯುವ ಆಸೆಯಿಂದ, ಚಿಕ್ಕಮಗಳೂರಿನ ಐ.ಜಿ. ರಸ್ತೆಗೆ ಕೂಗಳತೆಯಲ್ಲಿರುವ ಖಾಸಗಿ ಸಂಸ್ಥೆಯೊಂದರ ಸಂವಿಧಾನ ತರಗತಿಗೆ ಸೇರಿದ್ದೆ. 12 ಭಾನುವಾರ, ಶುಲ್ಕ 3,500 ರೂಪಾಯಿ. ಕಾನೂನು ಪದವಿಯ ವಿದ್ಯಾರ್ಥಿಗಳೇ ಹೆಚ್ಚು. ನನ್ನಂತಹ ಮಾಜಿಗಳು ನಾಲ್ಕು ಮಂದಿ.

ಏಳನೆಯ ಭಾನುವಾರದ ಪಾಠವೊಂದಕ್ಕೇ ಕೊಟ್ಟ ಹಣ ಸಂದಿತು. ಅಂದು ಎಸ್.ಆರ್. ಬೊಮ್ಮಾಯಿ ಪ್ರಕರಣ, ಅಂದರೆ ರಾಜ್ಯಪಾಲರ ವರದಿಯ ಮೇಲೆ ವಜಾಗೊಂಡ ನಮ್ಮ ರಾಜ್ಯದ ಮುಖ್ಯಮಂತ್ರಿ ಸುಪ್ರೀಂ ಕೋರ್ಟಿನವರೆಗೆ ಒಯ್ದ ಮೊಕದ್ದಮೆ. ಉಪನ್ಯಾಸಕರು ಹತ್ತೊಂಬತ್ತು ಮಂದಿಯಿಂದ ‘ಬೆಂಬಲ ಹಿಂಪಡೆದಿದ್ದೇನೆ’ ಎಂಬ ಚೀಟಿ ಬರೆಸಿ, ಏಳು ಮಂದಿಗೆ ಅದನ್ನು ವಾಪಸು ಪಡೆಯಲು ಹೇಳಿ, ಒಬ್ಬ ಹುಡುಗನನ್ನು ರಾಜ್ಯಪಾಲನನ್ನಾಗಿಸಿ ವರದಿ ಬರೆಸಿದರು. ನಾನು ಚೀಟಿ ಕಿತ್ತುಕೊಂಡ ಮೇಲೂ ನನ್ನನ್ನು ವಿರೋಧಿಗಳ ಲೆಕ್ಕಕ್ಕೇ ಹಿಡಿದ ಆ ಹುಡುಗನ ಮೇಲೆ ನಿಜಕ್ಕೂ ಸಿಟ್ಟು ಬಂದಿತ್ತು. 1989ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ ಎಂದೂ, ಬಹುಮತದ ಪರೀಕ್ಷೆ ಸದನದೊಳಗೇ ಆಗಬೇಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರಲ್ಲಿ ಹೇಳಿತೆಂದೂ ಅವರು ವಿವರಿಸುವ ಹೊತ್ತಿಗೆ, ತೀರ್ಪು ನಮಗೆ ಆಗಲೇ ಅರ್ಥವಾಗಿತ್ತು.

ಒಂಬತ್ತನೆಯ ಭಾನುವಾರ ಬೇರೊಬ್ಬರು ಬಂದು, ಸಂಸತ್ತಿನ ವಿಶೇಷಾಧಿಕಾರಗಳ ಕುರಿತ 105ನೆಯ ವಿಧಿಯನ್ನು ಕೊನೆಯ ಸಾಲುಗಳು ಮಾಸಿಹೋಗಿದ್ದ ಜೆರಾಕ್ಸ್ ಪ್ರತಿಯಿಂದ ಓದಿ ಬರೆಸಿದರು. 1978ರ ಉಪಚುನಾವಣೆಯಲ್ಲಿ ಇದೇ ಊರಿನ ಮತದಾರರು ಗೆಲ್ಲಿಸಿ ಕಳುಹಿಸಿದ ಇಂದಿರಾ ಗಾಂಧಿಯವರನ್ನು, ಮಾರುತಿ ಕಂಪನಿಯ ಬಗ್ಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿದ ಹಕ್ಕುಚ್ಯುತಿಗಾಗಿ ಲೋಕಸಭೆ ಅದೇ ಡಿಸೆಂಬರ್‌ನಲ್ಲಿ ಉಚ್ಚಾಟಿಸಿತಲ್ಲ, ಸದನಕ್ಕೆ ಆ ಅಧಿಕಾರ ಎಲ್ಲಿಂದ ಬಂತು ಎಂದು ಕೇಳಿದೆ. ‘ತರಗತಿಯಲ್ಲಿ ರಾಜಕೀಯ ಬೇಡ ಸಾರ್’ ಎಂದರು. ಉಚ್ಚಾಟಿಸುವ ಅಧಿಕಾರ ಸಂಸತ್ತಿಗಿದೆಯೆಂದು 2007ರಲ್ಲಿ ರಾಜಾರಾಮ್ ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿರುವಾಗ, ನನ್ನ ಪ್ರಶ್ನೆ ರಾಜಕೀಯವೋ ಕಾನೂನೋ? ನಾಳೆ ವಕೀಲರಾಗುವ, ಅವರಲ್ಲಿ ಕೆಲವರಾದರೂ ಶಾಸಕರಾಗಬಹುದಾದ ಹುಡುಗರೆದುರು ಆಡಿದ ಆ ಮಾತು ನನಗೆ ಇಂದಿಗೂ ಸರಿಕಂಡಿಲ್ಲ.

1993ರ ಪಂಚಾಯತ್ ರಾಜ್ ಅಧಿನಿಯಮಕ್ಕೆ ಒಂದೇ ಗಂಟೆ ಕೊಟ್ಟರು. ಗ್ರಾಮಸಭೆಯ ವಿಚಾರಕ್ಕೆ ಬರುವಷ್ಟರಲ್ಲಿ ಊಟದ ಹೊತ್ತಾಯಿತು. ಕೊಠಡಿ, ಕುರ್ಚಿ, ಕಾಫಿಯ ಬಗ್ಗೆ ದೂರಿಲ್ಲ. ಮುಂದಿನ ತಂಡಕ್ಕೆ ಸೇರುವವರು ಆ ಏಳನೆಯ ಭಾನುವಾರ ತಪ್ಪಿಸಬಾರದು. ಒಂಬತ್ತನೆಯದಕ್ಕೆ 105ನೆಯ ವಿಧಿಯನ್ನು ಮನೆಯಲ್ಲೇ ಓದಿಕೊಂಡು ಹೋಗುವುದು ಒಳ್ಳೆಯದು.